ಕ್ವಾರ್ಟರ್ಸೋ, ಸ್ವಂತ ಮನೆಯೋ?

"ಬ್ಲಾಗ್ ಶುರು ಮಾಡ್ಬೇಕು. ಪುಕ್ಕಟೆ ಸಿಗೋ ಬ್ಲಾಗರ್ ಸಾಕಾ, ಇಲ್ಲ ದುಡ್ಡು ಕೊಟ್ಟು ಸ್ವಂತ ಹೋಸ್ಟಿಂಗ್ ತಗೊಳ್ಲಾ?"

ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ ಅನ್ನೋ ಒಂದೇ ಕಾರಣಕ್ಕೆ ಈ ಪ್ರಶ್ನೆ ನನ್ನ ಹತ್ರ ಬರ್ತಾನೇ ಇರುತ್ತೆ. ಕೇಳಿದವರೆಲ್ಲ ನಾನು "ಸ್ವಂತದ್ದೇ ಇರ್ಲಿ" ಅಂತೀನಿ ಅಂದ್ಕೊಂಡಿರ್ತಾರೆ. ನಾನು ಹಾಗನ್ನಲ್ಲ. ಯಾಕೆ ಅಂತ ಇಲ್ಲೇ ಬರೆದು ಬಿಡ್ತೀನಿ.

ಭದ್ರಾವತಿಯವರಿಗೆ ಇದನ್ನ ವಿವರಿಸೋದು ಸುಲಭ. ಉಕ್ಕಿನ ಕಾರ್ಖಾನೆ 1923ರಲ್ಲಿ ಶುರುವಾಯ್ತು, ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯ್ತು. ನೌಕರರಿಗೆ ಕ್ವಾರ್ಟರ್ಸ್ ಸಿಕ್ಕಿತು. ಬಾಡಿಗೆ ಕಡಿಮೆ, ರಿಪೇರಿ ಕಂಪನಿಯದು, ಸುತ್ತ ಎಲ್ಲರೂ ಪರಿಚಯದವರೇ. ಆದರೆ ಆ ಸುಖವೆಲ್ಲ ಕಾರ್ಖಾನೆ ನಡೆಯೋ ತನಕ. ಕಾಗದದ ಯಂತ್ರಗಳು ಕಳೆದ ದಶಕದಲ್ಲೇ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂತು. ಹೋರಾಟ ಆದ ಮೇಲೆ ಅದೇ ವರ್ಷ ಸ್ವಲ್ಪ ಮಟ್ಟಿಗೆ ಕೆಲಸ ಮತ್ತೆ ಶುರುವಾಯ್ತು ಅನ್ನಿ.

ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್ ಇವೆಲ್ಲ ಕ್ವಾರ್ಟರ್ಸ್ ಇದ್ದ ಹಾಗೆ. ಯಾಹೂನವರು ಜಿಯೋಸಿಟೀಸನ್ನು 2009ರಲ್ಲಿ ಮುಚ್ಚಿದರು. ಪೋಸ್ಟೆರಸ್ 2013ರಲ್ಲಿ ಹೋಯಿತು, ಆರ್ಕುಟ್ 2014ರಲ್ಲಿ. ಮುಚ್ಚದೇ ಇದ್ದರೂ ತೊಂದರೆ ತಪ್ಪಲ್ಲ. 2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟದ ನಂತರ ಸರ್ಕಾರ ಕೆಲವೇ ಕೆಲವು ತಾಣಗಳನ್ನ ತಡೆಯೋಕೆ ಹೇಳಿತ್ತು. ಇಂಟರ್ನೆಟ್ ಕಂಪನಿಗಳು ಬ್ಲಾಗ್‌ಸ್ಪಾಟನ್ನೇ ಪೂರ್ತಿ ತಡೆದು ಕೂತವು! ಒಂದು ಮನೆ ಮೇಲೆ ದೂರು ಬಂದರೆ ಇಡೀ ಕಾಲೊನಿಗೆ ಕರೆಂಟ್ ತೆಗೆದ ಹಾಗೆ.

ಹಾಗಾದ್ರೆ ಸ್ವಂತ ಮನೆ? ಶಿವಮೊಗ್ಗದಲ್ಲಿ ಸೈಟ್ ತಗೊಂಡು ಮನೆ ಕಟ್ಟಿದವರನ್ನ ಕೇಳಿ. ಜೂನ್ ಬಂತಂದ್ರೆ ಸೋರೋ ಸೂರು, ಬೋರ್‌ವೆಲ್ಲು, ಕಂದಾಯ, ಎಲ್ಲ ನಮ್ಮ ತಲೆ ಮೇಲೆ. ಸ್ವಂತ ಹೋಸ್ಟಿಂಗೂ ಅಷ್ಟೇ. ವರ್ಡ್‌ಪ್ರೆಸ್ ಅಪ್‌ಡೇಟು, ಪ್ಲಗಿನ್ ಅಪ್‌ಡೇಟು, ಸ್ಪ್ಯಾಮು, ಹ್ಯಾಕ್ ಆಗೋ ಭಯ. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷ ಮೂರು ಪಟ್ಟು ಕೇಳೋ ಕಂಪನಿಗಳಿಗೂ ಕಮ್ಮಿ ಇಲ್ಲ. ದಿನವಿಡೀ ಆಫೀಸಲ್ಲಿ ಸರ್ವರ್ ನೋಡೋ ನನಗೇ ಮನೆಗೆ ಬಂದು ಇನ್ನೊಂದು ಸರ್ವರ್ ನೋಡೋಕೆ ಮನಸ್ಸಾಗಲ್ಲ. ಶಾಲೆ ಮುಗಿಸಿ ಬಂದು ರಾತ್ರಿ ಬರೆಯೋಕೆ ಕೂರೋ ಮೇಷ್ಟ್ರಿಗೆ ಆ ಕೆಲಸ ಹಚ್ಚಿದರೆ ಅವರು ಬರೆಯೋದನ್ನೇ ಬಿಡ್ತಾರೆ. ಮುಖ್ಯವಾಗಿ, ಬರೆದವರು ತೀರಿಕೊಂಡ ವರ್ಷ ಬಿಲ್ ಕಟ್ಟೋರಿಲ್ಲದೆ ಸ್ವಂತ ತಾಣವೂ ಮಾಯ. ಪುಕ್ಕಟೆಯದು ಅದಕ್ಕಿಂತ ಹೆಚ್ಚು ದಿನ ಬಾಳುತ್ತೆ, ನಿಜ. ಆದರೆ ಎರಡು ವರ್ಷ ಮುಟ್ಟದ ಅಕೌಂಟನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ, ನೆನಪಿರಲಿ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮನೆ ಯಾರದ್ದಾದರೂ ಇರಲಿ, ವಿಳಾಸ ಮತ್ತು ಸಾಮಾನು ನಮ್ಮದಾಗಿರಬೇಕು.

ಮೊದಲು ಸಾಮಾನು. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಬರೆದಿದ್ದೆಲ್ಲವನ್ನ ಇಳಿಸಿಕೊಳ್ಳೋ ಸೌಲಭ್ಯ ಇದೆ. ತಿಂಗಳಿಗೊಮ್ಮೆ ಇಳಿಸಿ ಎರಡು ಕಡೆ ಇಡಿ. ಫೋಟೋಗಳು ಅದರಲ್ಲಿ ಬಂದಿವೆಯಾ ನೋಡಿ, ಇಲ್ಲದಿದ್ರೆ ಬೇರೆಯಾಗಿ ಇಟ್ಕೊಳ್ಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ವಿಳಾಸ. 2012ರಲ್ಲಿ ಗೂಗಲ್ ನಮ್ಮ ದೇಶದ ಓದುಗರನ್ನ ಬ್ಲಾಗ್‌ಸ್ಪಾಟ್ ಡಾಟ್ ಇನ್‌ಗೆ ಕಳಿಸೋಕೆ ಶುರು ಮಾಡಿತು. ಎಷ್ಟೋ ಜನ ಆ ಕೊಂಡಿಯನ್ನೇ ನಕಲು ಮಾಡಿ ಹಂಚಿದರು. 2020ರಲ್ಲಿ ಆ ಹೆಸರು ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯ್ತು, ಕೊಂಡಿಗಳೆಲ್ಲ ಸತ್ತವು. ಅಷ್ಟು ದೊಡ್ಡ ಕಂಪನಿಯ ಪಾಡೇ ಹೀಗೆ! ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸ್ವಂತ ಡೊಮೇನ್ ಸಿಗುತ್ತೆ. ಅದನ್ನ ಬ್ಲಾಗರ್‌ಗೇ ಜೋಡಿಸಬಹುದು, ಹೋಸ್ಟಿಂಗ್ ಖರ್ಚಿಲ್ಲ. ನಾಳೆ ಬ್ಲಾಗರ್ ಮುಚ್ಚಿದರೆ ಬೇರೆ ಕಡೆ ಹೋಗಿ, ವಿಳಾಸ ಹಾಗೇ ಉಳಿಯುತ್ತೆ. ಒಂದು ಮಾತು, ಡೊಮೇನ್ ನಿಮ್ಮ ಹೆಸರಲ್ಲೇ ಇರಲಿ, ಸೆಟಪ್ ಮಾಡಿಕೊಟ್ಟ ಗೆಳೆಯನ ಹೆಸರಲ್ಲಿ ಬೇಡ. ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ ಅಂತೀರಾ? ಭದ್ರಾವತಿಯಲ್ಲಿ ರಾತ್ರಿ ಪಾಳಿ ಹೇಗಿತ್ತು, ಪೇಪರ್ ಟೌನಿನ ಮಕ್ಕಳು ಏನು ಆಡ್ತಿದ್ದರು, ಇಂಥದ್ದನ್ನ ಯಾವ ಪತ್ರಿಕೆಯೂ ಪುಟಗಟ್ಟಲೆ ಹಾಕಲ್ಲ. ಅದು ಯಾರೋ ಒಬ್ಬರ ಬ್ಲಾಗಿನಲ್ಲಷ್ಟೇ ಇರುತ್ತೆ. ಆ ಬ್ಲಾಗ್ ಹೋದರೆ ಆ ಊರಿನ ಅಷ್ಟು ನೆನಪೂ ಹೋಯಿತು. ಇಂಗ್ಲಿಷಿನಲ್ಲಾದ್ರೆ ಒಂದು ಹೋದರೆ ಹತ್ತು ಸಿಗುತ್ತೆ, ನಮಗೆ ಆ ಶ್ರೀಮಂತಿಕೆ ಇಲ್ಲ.

ಹೋಸ್ಟಿಂಗ್ ಯಾವುದು ಅನ್ನೋ ಜಗಳ ಆಮೇಲೆ ಆಡೋಣ. ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಬ್ಯಾಕಪ್ ತೆಗೀರಿ. ಹತ್ತು ನಿಮಿಷದ ಕೆಲಸ :-) ಏನಂತೀರಿ?