ಸುತ್ತುದಾರಿ ದಂಡವಲ್ಲ

ಶ್ರೀಹರಿಕೋಟಾದಿಂದ ಧ್ರುವ ಕಕ್ಷೆಗೆ ಹೊರಟ ಪಿಎಸ್‌ಎಲ್‌ವಿ ರಾಕೆಟ್ ಮೊದಲು ಆಗ್ನೇಯಕ್ಕೆ ಸಾಗಿ, ಜನರ ಮೇಲೆ ಬೀಳದಂತೆ ಶ್ರೀಲಂಕಾವನ್ನು ಸುತ್ತಿ, ಆಮೇಲೆ ದಕ್ಷಿಣಕ್ಕೆ ಹೊರಳುತ್ತದೆ. ಈ ತಿರುವಿಗೆ ಇಂಧನ ಹೋಗುತ್ತದೆ, ಹೊರುವ ಭಾರ ತಗ್ಗುತ್ತದೆ. ಇದನ್ನು ದಂಡ ಎನ್ನುವವರಿಗೆ ಈ ಉತ್ತರ.

"ಬೀಳುವ ಸಂಭವ ತೀರ ಕಡಿಮೆ" ಎನ್ನುತ್ತಾರೆ. ನಿಜ. ನಮ್ಮ ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಗ್ರೈಂಡಿಂಗ್ ಕಲ್ಲು ಒಡೆಯುವುದೂ ಅಪರೂಪ. ಆದರೂ ಹೊಸದಾಗಿ ಬಂದ ಹುಡುಗನಿಗೆ ಹೇಳುವ ಮೊದಲ ಮಾತು: "ಸ್ವಿಚ್ ಹಾಕೂಮುಂದ ಕಲ್ಲಿನ ಎದುರಿಗೆ ನಿಂದರಬ್ಯಾಡ, ಬಾಜೂಕ ನಿಂದ್ರು." ಒಡೆದ ಚೂರು ಸಿಡಿಯುವುದು ಕಲ್ಲು ತಿರುಗುವ ನೇರಕ್ಕೇ. ಆ ಹುಡುಗ ಪಕ್ಕಕ್ಕೆ ಸರಿಯಬಲ್ಲ. ರಾಕೆಟ್ ದಾರಿಯ ಕೆಳಗಿರುವ ಊರು ಎಲ್ಲಿಗೆ ಸರಿದೀತು? ಸರಿಯಬೇಕಾದದ್ದು ರಾಕೆಟ್ಟೇ.

"ದಾರಿ ತಪ್ಪಿದರೆ ಆಕಾಶದಲ್ಲೇ ಸಿಡಿಸಬಹುದಲ್ಲ?" ಸಿಡಿಸಬಹುದು, ಸಿಡಿಸಿದ್ದೂ ಇದೆ. 2010ರ ಡಿಸೆಂಬರ್ 25ರಂದು ಜಿಎಸ್‌ಎಲ್‌ವಿ-ಎಫ್‌06 ಹಾರಿದ ಒಂದು ನಿಮಿಷದೊಳಗೇ ಹತೋಟಿ ತಪ್ಪಿತು. ನೆಲದಿಂದ ಆದೇಶ ಕೊಟ್ಟು ನಾಶಮಾಡಿದರು. ಸಿಡಿದದ್ದೇನೂ ಮಾಯವಾಗಲಿಲ್ಲ, ಬಂಗಾಳ ಕೊಲ್ಲಿಗೆ ಬಿತ್ತು. ಕೆಳಗೆ ಕಡಲಿದ್ದುದರಿಂದಲೇ ಆ ಗುಂಡಿ ಒತ್ತುವ ಕೈ ನಡುಗಬೇಕಾಗಿರಲಿಲ್ಲ. ಆದರೆ ಚೀನಾದ ಶಿಚಾಂಗ್ ಉಡಾವಣಾ ಕೇಂದ್ರ ಒಳನಾಡಿನಲ್ಲಿದೆ. 1996ರ ಫೆಬ್ರುವರಿಯಲ್ಲಿ ಅಲ್ಲಿಂದ ಎದ್ದ ಲಾಂಗ್ ಮಾರ್ಚ್ 3ಬಿ ಅರೆ ನಿಮಿಷವೂ ಹಾರದೆ ನೆಲಕ್ಕಪ್ಪಳಿಸಿತು. ಸರ್ಕಾರಿ ಲೆಕ್ಕದಲ್ಲೇ 6 ಜನ ಸತ್ತರು.

ಭಾರ ಉಳಿಸಬೇಕೆಂಬ ಕಾಳಜಿ ನ್ಯಾಯವಾದದ್ದು. ಅದಕ್ಕೆ ದಾರಿ, ಸಣ್ಣ ರಾಕೆಟ್ಟುಗಳ ಮಟ್ಟಿಗಾದರೂ, ತಮಿಳುನಾಡಿನ ಕುಲಶೇಖರಪಟ್ಟಣದ ಹೊಸ ಉಡಾವಣಾ ಕೇಂದ್ರ. ಅಲ್ಲಿಂದ ದಕ್ಷಿಣಕ್ಕೆ ಬರೀ ಸಮುದ್ರ. 2024ರ ಫೆಬ್ರುವರಿ 28ರಂದು ಶಂಕುಸ್ಥಾಪನೆಯಾಗಿದೆ.

ನನ್ನನ್ನು ನೋಯಿಸುವುದು ಕೊನೆಯ ಮಾತು: "ಹಳ್ಳಿಯವರು ಸುಮ್ಮನೆ ಹೆದರುತ್ತಾರೆ." ಚಿತ್ರದುರ್ಗ ಜಿಲ್ಲೆಯವರ ಎದುರು ಈ ಮಾತಾಡಲಿ. ಚಳ್ಳಕೆರೆಯ ಪರೀಕ್ಷಾ ವಲಯದಿಂದ ಹಾರಿದ್ದು ರಾಕೆಟ್ ಅಲ್ಲ, ಪೈಲಟ್ ಇಲ್ಲದ ವಿಮಾನ; ಆದರೂ ಬೀಳುವ ಭಯ ಅದೇ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟಕ್ಕೆ ಒಂದು ಬಿತ್ತು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲಕ್ಕೆ ಇನ್ನೊಂದು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಅಡಿಕೆ ಮರದ ಬುಡದಲ್ಲಿ ಮುರಿದ ರೆಕ್ಕೆ ಕಂಡವರ ಅಂಜಿಕೆಗೆ ಅಜ್ಞಾನವೆಂದು ಹೆಸರಿಡಬೇಡಿ. ಪ್ರತಿ ಹಾರಾಟದ ಮುಂಚೆ ಆ ಊರುಗಳಲ್ಲಿ ಕನ್ನಡದಲ್ಲಿ ಡಂಗುರ ಸಾರಿಸಿ: ಇಂಥ ದಿನ ಇಂಥದ್ದು ಹಾರುತ್ತದೆ, ಬಿದ್ದರೆ ಮುಟ್ಟಬೇಡಿ, ಇಂಥವರಿಗೆ ಫೋನ್ ಮಾಡಿ.