ಬೆಣ್ಣೆ ತುಪ್ಪವಾದ ಬಗೆ



ಮಸೂದೆಯೊಂದು ಶಾಸನವಾಗುವ ಹಂತಗಳನ್ನು ಪೌರನೀತಿಯ ತರಗತಿಯಲ್ಲಿ ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಆ ಹಂತಗಳ ನಡುವೆ ಮಸೂದೆಯ ಬೆನ್ನೆಲುಬು ಹೇಗೆ ಕಾಣೆಯಾಗುತ್ತದೆಂಬುದು ಮಾತ್ರ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ನಾಡಿಗೆ ಕಲಿಸಿದ್ದು 2017ನೇ ಇಸವಿ.

ಶ್ರೀ ಸಿದ್ದರಾಮಯ್ಯನವರ ಸರ್ಕಾರದಲ್ಲಿ ಆರೋಗ್ಯ ಸಚಿವರಾಗಿದ್ದ ಶ್ರೀ ಕೆ.ಆರ್. ರಮೇಶ್ ಕುಮಾರ್ ಅವರು, ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಗೆ ಆ ವರ್ಷ ಜೂನ್‌ನಲ್ಲಿ ತಿದ್ದುಪಡಿ ತಂದರು. ಚಿಕಿತ್ಸೆಗೆ ಸರ್ಕಾರವೇ ದರ ನಿಗದಿಮಾಡುವುದು, ಮೀರಿದವರಿಗೆ ಸೆರೆವಾಸ, ರೋಗಿಗಳ ದೂರಿಗೆ ಜಿಲ್ಲೆಗೊಂದು ಸಮಿತಿ ಎಂಬುವು ಅದರ ಮುಖ್ಯಾಂಶಗಳು. ಮಸೂದೆ ಸದನಗಳ ಜಂಟಿ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನ ಸೇರುತ್ತಲೇ ಖಾಸಗಿ ವೈದ್ಯರು ಬೀದಿಗಿಳಿದರು. ರಾಜ್ಯದೆಲ್ಲೆಡೆ ಹೊರರೋಗಿ ವಿಭಾಗಗಳ ಬಾಗಿಲು ಮುಚ್ಚಿತು. ಆಡಳಿತ ಪಕ್ಷದೊಳಗೇ ಅಪಸ್ವರವೆದ್ದಿತು. ಕೆಲವೇ ದಿನಗಳಲ್ಲಿ ಗಾಳಿ ತಿರುಗಿತು.

ನಮ್ಮ ಗಂಗಾಧರೇಶ್ವರನ ಸನ್ನಿಧಿಯಲ್ಲಿ ತುಪ್ಪವು ಬೆಣ್ಣೆಯಾಗುವುದೆಂಬ ನಂಬಿಕೆ. ಬೆಳಗಾವಿಯಲ್ಲಿ ಬೆಣ್ಣೆಯೇ ಕರಗಿ ತುಪ್ಪವಾಯಿತು. ದರ ನಿಗದಿಯು ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಸೀಮಿತವಾಯಿತು. ಹೆಚ್ಚು ದರ ಪಡೆದವರಿಗೆ ಸೆರೆವಾಸವೆಂಬ ಮಾತು ಬಿದ್ದುಹೋಯಿತು.

ಸರ್ಕಾರಿ ಆಸ್ಪತ್ರೆಗಳೇಕೆ ಈ ಕಾಯಿದೆಯ ಹೊರಗಿವೆ ಎಂದು ವೈದ್ಯರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಎರಡನ್ನೂ ಒಳಗೆ ತರುವುದೇ ಹೊರತು ಎರಡನ್ನೂ ಹೊರಗಿಡುವುದಲ್ಲ. ನಮ್ಮ ನಾಡಿಗಷ್ಟೇ ಈ ಕಥೆ ಮೀಸಲಲ್ಲ. 2023ರಲ್ಲಿ ರಾಜಸ್ಥಾನವು ಆರೋಗ್ಯದ ಹಕ್ಕಿನ ಕಾಯಿದೆ ಮಾಡಿದಾಗಲೂ ಮುಷ್ಕರ ನಡೆಯಿತು, ಸರ್ಕಾರ ಬಾಗಿತು.

ಅಂದಿನಿಂದ ಎಲ್ಲ ಪಕ್ಷಗಳಿಗೂ ದರದ ಮಾತು ಕಹಿ, ಕಾರ್ಡಿನ ಮಾತು ಸಿಹಿ. 2018ರಲ್ಲಿ ಆರೋಗ್ಯ ಕರ್ನಾಟಕ ಬಂದಿತು, ಆಯುಷ್ಮಾನ್ ಭಾರತ ಅದರೊಡನೆ ಬೆರೆಯಿತು. ಯಶಸ್ವಿನಿ ನಿಂತು, ಕೆಲವು ವರ್ಷಗಳ ಬಳಿಕ ಮರಳಿತು. ಕಾರ್ಡಿನಿಂದ ಬಡವರ ಪ್ರಾಣ ಉಳಿದಿದೆ, ನಾನು ಅಲ್ಲಗಳೆಯೆನು. ಆದರೆ ಕಾರ್ಡು ಬಿಲ್ಲನ್ನು ತೆರುತ್ತದೆ, ಬಿಲ್ಲು ಸರಿಯೇ ಎಂದು ಕೇಳುವ ಅಧಿಕಾರವನ್ನು ಜನರಿಗೆ ಕೊಡುವುದಿಲ್ಲ. ಕಾರ್ಡು ಹಂಚಿದವನಿಗೆ ಮತ ಸಿಗುತ್ತದೆ. ದರ ಕೇಳಿದವನಿಗೆ ಮುಷ್ಕರ ಸಿಗುತ್ತದೆ.

ವೈದ್ಯರಿಗೆ ಸಂಘವಿದೆ, ಆಸ್ಪತ್ರೆಗಳಿಗೆ ಸಂಘವಿದೆ. ರೋಗಿಗೆ ಯಾವ ಸಂಘ? ದಾಬಸ್‌ಪೇಟೆಯ ಕಾರ್ಖಾನೆಯ ಕೂಲಿಯಾಳು ಜ್ವರ ಬಂದರೆ ಮುಷ್ಕರ ಹೂಡಬಲ್ಲನೇ? ಶಾಸನಸಭೆಯಲ್ಲಿ ಸೋತವನು ಅವನು, ಸಚಿವರಲ್ಲ.

ಆದರೂ ಕಾಯಿದೆಯಲ್ಲಿ ಉಳಿದಿರುವುದು ಸಣ್ಣದಲ್ಲ. ದರಪಟ್ಟಿಯನ್ನು ಪ್ರದರ್ಶಿಸಬೇಕು. ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಕಾಯಿಸುವಂತಿಲ್ಲ. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ನಿಮ್ಮಲ್ಲಿ ವೈದ್ಯರಾದವರು ಇವನ್ನು ಪಾಲಿಸಿ. ಪಂಚಾಯಿತಿ ಸದಸ್ಯರಾದವರು ಗ್ರಾಮಸಭೆಯಲ್ಲಿ ಓದಿ ಹೇಳಿ. ಮಿಕ್ಕವರು ಆಸ್ಪತ್ರೆಯ ಹೊಸ್ತಿಲು ದಾಟುತ್ತಲೇ ದರಪಟ್ಟಿ ಎಲ್ಲಿದೆಯೆಂದು ಕೇಳಿ. ಕೇಳದ ಹಕ್ಕು ಕಾಗದದಲ್ಲೇ ಉಳಿಯುತ್ತದೆ.