ತಪ್ಪು ಚಕ್ರ ಬಿಚ್ಚಿಸಿದ್ದು ನಾವೇ

ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಈ ರಜೆಯಲ್ಲಿ ಒಂದು ಹಳೇ ಲಾರಿಯ ಮುಂದಿನ ಎಡ ಚಕ್ರದ ಬೇರಿಂಗ್ ಚೆನ್ನಾಗಿದ್ದಾಗಲೇ ಅದನ್ನು ಬಿಚ್ಚಿ ಹೊಸದು ಹಾಕಿಸಿದವರು ನಾವು, ಮೆಕ್ಯಾನಿಕಲ್ ಎರಡನೇ ವರ್ಷದ ಮೂವರು. ದುಡ್ಡು ಹೋಗಿದ್ದು ಮಾತ್ರ ನಮ್ಮಲ್ಲೊಬ್ಬನ ಸೋದರಮಾವನದು.

ಮಾವ ತಿಪಟೂರಿನ ಕಡೆ ತೆಂಗಿನಕಾಯಿ ಲೋಡ್ ಹೊಡೆಯುತ್ತಾರೆ. ಗಾಡಿಗೆ 20 ವರ್ಷದ ಮೇಲಾಗಿದೆ. ಸ್ಪೀಡು 40 ದಾಟಿದರೆ ಮುಂದಿನಿಂದ ಗುಂಯ್ ಅಂತ ಶುರುವಾಗುತ್ತೆ, 60ಕ್ಕೆ ಕ್ಯಾಬಿನ್ನಿನಲ್ಲಿ ಮಾತು ಕೇಳಿಸಲ್ಲ. "ಏನ್ರಪ್ಪಾ, ಓದ್ತಿದ್ದೀರಲ್ಲ, ಏನಿದು ಸೌಂಡು?" ಅಂದರು. ಕೇಳಿದ್ದೇ ತಡ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜ್ಯಾಕ್ ಹಾಕಿದೆವು. ಎಡ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಲಟಲಟ ಅಂತು. ಬಲ ಚಕ್ರ ಗಟ್ಟಿಯಾಗಿತ್ತು. ಇನ್ನೇನು ಬೇಕು? "ಮಾವ, ಎಡಗಡೆ ಬೇರಿಂಗ್ ಹೋಗಿದೆ" ಅಂದೆವು, ವೈವಾದಲ್ಲಿ ಯಾವತ್ತೂ ಬರದ ಧೈರ್ಯದಿಂದ. ಅವರು ಒಂದು ದಿನದ ಬಾಡಿಗೆ ಬಿಟ್ಟು ಹೊಸ ಸೆಟ್ ಹಾಕಿಸಿದರು.

ಮರುದಿನ ಅದೇ ಗುಂಯ್. ಹೊಸದಲ್ವಾ, ಸೆಟ್ ಆಗಬೇಕು ಅಂತ ಸಮಾಧಾನ ಹೇಳಿದವರೂ ನಾವೇ. ಎರಡು ದಿನ ಹಾಗೇ ಲೋಡ್ ಹೊಡೆದರು. ಹೋಗಿರೋ ಬೇರಿಂಗ್ ಜ್ಯಾಮ್ ಆದರೆ ಚಕ್ರವೇ ಕಳಚಿಕೊಳ್ಳಬಹುದು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಕೊನೆಗೆ ಮೇಸ್ತ್ರಿಯೊಬ್ಬರು ಬಂದರು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ, ಮೊದಲು ಗಾಡಿ ಓಡಿಸಿದರು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರು. ಇಂಜಿನ್ ತಣ್ಣಗಾದರೂ ಸೌಂಡು ಇಳಿಯಲಿಲ್ಲ, ಅಂದರೆ ಅದು ಚಕ್ರದ ಜೊತೆ ತಿರುಗೋ ಯಾವುದೋ ಒಂದು. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗಲೂ ಅದೇ ರಾಗ. ಟಯರ್ ಆಗಿದ್ದರೆ ರಾಗ ಬದಲಾಗಬೇಕಿತ್ತು. ಆಮೇಲೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತೂಗಿದರು. ಎಡಕ್ಕೆ ಹೊರಳಿದಾಗ ಗುಂಯ್ ಜೋರಾಯಿತು. ಎಡಕ್ಕೆ ತಿರುಗಿದರೆ ಭಾರ ಬೀಳೋದು ಬಲ ಚಕ್ರದ ಮೇಲೆ. ಇದು ನಮಗೂ ಗೊತ್ತು, ಪರೀಕ್ಷೆಯಲ್ಲಿ ಬರೆದಿದ್ದೇವೆ.

ಹಾಗಾದರೆ ಎಡ ಚಕ್ರ ಆಡ್ತಿದ್ದದ್ದು ಯಾಕೆ? ನಮಗೆ ಬಹಳ ಇಷ್ಟವಾದ ಭಾಗ ಇದೇ. ಎಡ ಚಕ್ರ ಎತ್ತಿಸಿ, "ನೀನು ಹತ್ತಿ ಬ್ರೇಕ್ ಒತ್ತಿ ಹಿಡ್ಕೊಳಪ್ಪ" ಅಂದರು. ಬ್ರೇಕ್ ಹಿಡಿದಾಗ ಡ್ರಮ್ಮು, ಅದರ ಹಿಂದಿನ ಪ್ಲೇಟು ಎರಡೂ ಒಂದೇ ಆಗಿಬಿಡುತ್ತವೆ. ಬೇರಿಂಗಿನ ಆಟ ಇದ್ದರೆ ಆಗ ನಿಲ್ಲಬೇಕು. ನಿಲ್ಲಲಿಲ್ಲ, ಮತ್ತೆ ಲಟಲಟ. ಸವೆದಿದ್ದದ್ದು ಕಿಂಗ್ ಪಿನ್ನು. ಅದಕ್ಕೂ ಗುಂಯ್‌ಗೂ ಸಂಬಂಧವೇ ಇರಲಿಲ್ಲ. ಬಲ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಹಿಂದೆ ಆಕ್ಸಲ್ಲಿನ ಕಡೆ ಇಟ್ಟು, ಹಿಡಿಯನ್ನು ಕಿವಿಗಿಟ್ಟು ಕೇಳಿದರೆ ಕರಕರ. ಬಿಚ್ಚಿದಾಗ ಗ್ರೀಸು ಕಪ್ಪಾಗಿತ್ತು, ಕಪ್ಪಿನ ಒಳಮೈ ಒಂದು ಕಡೆ ಚಕ್ಕೆ ಎದ್ದಿತ್ತು. ಆಟವೇ ಇಲ್ಲದೆಯೂ ಬೇರಿಂಗ್ ಹೋಗಿರಬಹುದು ಅಂತ ಅವತ್ತು ಗೊತ್ತಾಯಿತು.

ಇದನ್ನು ಹೇಳಿದರೆ ಎಲ್ಲರೂ "ಓದಿದವರಿಗಿಂತ ಮೇಸ್ತ್ರಿಗಳೇ ಮೇಲು" ಅಂತಾರೆ. ನಾವು ಒಪ್ಪಲ್ಲ. ಸೀನಿಯರ್‌ಗಳ ಡಿಸೈನ್ ನೋಟ್ಸ್ ತೆಗೆದು ನೋಡಿದೆವು. ರೋಲರ್ ಬೇರಿಂಗಿನ ಆಯುಷ್ಯ ಭಾರದ 10/3 ಪವರ್‌ಗೆ ವಿಲೋಮ. ಬೇರಿಂಗಿನ ಮೇಲಿನ ಭಾರ ಶೇ. 20 ಹೆಚ್ಚಾದರೆ ಆಯುಷ್ಯ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತೆ. ಮೇಸ್ತ್ರಿ "ಲೋಡ್ ಜಾಸ್ತಿ ಆಯ್ತು" ಅಂದಿದ್ದರು, ಎಷ್ಟು ಅನ್ನೋದನ್ನು ಪುಸ್ತಕ ಹೇಳಿತು. ಮಾವ ಈ ಲೆಕ್ಕ ಕೇಳಿ ಸುಮ್ಮನಾದರು. ಬಾಡಿಗೆಯ ಲೆಕ್ಕ ಬೇರೆ ಇರುತ್ತಲ್ಲ.

ನಮ್ಮ ತಕರಾರು ಪುಸ್ತಕದ ಮೇಲಲ್ಲ, ಲ್ಯಾಬಿನ ಮೇಲೆ. ಅಲ್ಲಿ ಕೆಂಪು ಹಸಿರು ಬಣ್ಣ ಬಳಿದ ಕಟ್ ಸೆಕ್ಷನ್ ಮಾಡೆಲ್‌ಗಳಿವೆ, ಕೆಟ್ಟಿರೋದು ಒಂದೂ ಇಲ್ಲ. ಕಾರಣ ಕೊಟ್ಟು ಪರಿಣಾಮ ಕೇಳ್ತಾರೆ. ಸೌಂಡು ಕೊಟ್ಟು ಕಾರಣ ಯಾರೂ ಕೇಳಲ್ಲ. ಸ್ಟ್ಯಾಂಡಿನ ಮೇಲೆ ಮೂರು ಹಬ್ ಕೂರಿಸಿ: ಒಂದು ಚೆನ್ನಾಗಿರೋದು, ಒಂದು ಚಕ್ಕೆ ಎದ್ದದ್ದು, ಒಂದು ಗ್ರೀಸ್ ಒಣಗಿದ್ದು. ಹತ್ತು ನಿಮಿಷದಲ್ಲಿ ಯಾವುದು ಯಾವುದು ಅಂತ ಬರೆಯಲಿ. ಉತ್ತರ ತಪ್ಪಾದರೂ, ಯಾಕೆ ಹಾಗಂದುಕೊಂಡೆವು ಅನ್ನೋದಕ್ಕೆ ಅರ್ಧ ಮಾರ್ಕ್ಸ್ ಕೊಡಲಿ. ಟೈಮ್ ಟೇಬಲ್ಲಿನಲ್ಲಿ ಜಾಗ ಇಲ್ಲ ಅಂತಾರೆ. ಒಂದೇ ಒಂದು ಲ್ಯಾಬ್ ಸಾಕು. ಹಳೇ ಬೇರಿಂಗ್ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಗುಜರಿ ರೇಟಿಗೆ ಸಿಗುತ್ತೆ.

ಸದ್ಯಕ್ಕೆ ಮಾವನ ಲಾರಿಯ ಎರಡು ಬೇರಿಂಗುಗಳೂ ನಮ್ಮ ಹಾಸ್ಟೆಲ್ ರೂಮಿನಲ್ಲಿವೆ, ಸುಮ್ಮನೆ ಬಿಚ್ಚಿಸಿದ ಎಡಗಡೆಯದು, ನಿಜಕ್ಕೂ ಹೋಗಿದ್ದ ಬಲಗಡೆಯದು. ಕಣ್ಣು ಮುಚ್ಚಿ ತಿರುಗಿಸಿ ವ್ಯತ್ಯಾಸ ಹೇಳ್ತೀವಿ ಅನ್ನೋರು ಬನ್ನಿ. ಕೈಗೆ ಗ್ರೀಸ್ ಆಗುತ್ತೆ, ಸೋಪು ನೀವೇ ತನ್ನಿ.